ಬಾಗುವುದು ಯಾರ ಮುಂದೆ?

ಬಿಸಿಲಿನಲ್ಲಿ ನಡೆದು ಬಂದ ಅತಿಥಿಗೆ ಮೊದಲು ಕಾಲು ತೊಳೆಯಲು ನೀರನ್ನು ಕೊಟ್ಟು, ಅನಂತರ ಕುಶಲವನ್ನು ಕೇಳುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಈ ಮರ್ಯಾದೆಯನ್ನು ಬಲ್ಲದ ವಾಚಕರು ಇರಲಾರರು. ಆದರೆ ಆ ನೀರಿನ ತಂಬಿಗೆಯನ್ನು ಹೊತ್ತು ತರುವವರು ಯಾರೆಂದು ನಾವು ಎಂದಾದರೂ ಯೋಚಿಸಿದ್ದೇವೆಯೆ? ಮನೆಯ ಯಜಮಾನನು ಜಗಲಿಯಲ್ಲಿ ಕುಳಿತು, "ಯಾರಲ್ಲಿ? ಒಂದಿಷ್ಟು ನೀರು ತನ್ನಿ" ಎಂದು ಕೂಗುವನು. ತರುವವಳು ಸೊಸೆ, ಇಲ್ಲವೆ ಕೆಲಸದ ಹುಡುಗ. ಸತ್ಕಾರದ ಹೆಸರು ದೊಡ್ಡವರಿಗೆ ಸೇರುವುದು, ತಂಬಿಗೆಯ ಭಾರವು ಚಿಕ್ಕವರ ಪಾಲಿಗೆ ಬರುವುದು. ಲೋಕದ ದೊಡ್ಡಸ್ತಿಕೆಯೆಲ್ಲವೂ ಬಹುಮಟ್ಟಿಗೆ ಈ ಕ್ರಮದಲ್ಲಿಯೇ ನಡೆದು ಬಂದಿರುವುದು.

ಯೆಹೂದ್ಯರ ದೇಶದಲ್ಲಿಯೂ ಇದೇ ಪದ್ಧತಿಯಿದ್ದಿತು. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲನ್ನು ತೊಳೆಯುವುದು ಮನೆಯಾಳುಗಳ ಕೆಲಸ. ಯೇಸುಸ್ವಾಮಿಯು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ತನ್ನ ಶಿಷ್ಯರೊಡನೆ ಯೆರೂಸಲೇಮಿನ ಒಂದು ಮೇಲುಮಾಳಿಗೆಯಲ್ಲಿ ಊಟಕ್ಕೆ ಕುಳಿತನು. ಅಲ್ಲಿ ಆಳುಗಳಿದ್ದಂತೆ ಕಾಣುವುದಿಲ್ಲ. ತಮ್ಮೊಳಗೆ ಯಾವನು ದೊಡ್ಡವನೆಂಬ ಚರ್ಚೆ ಅದೇ ಊಟದ ಹೊತ್ತಿನಲ್ಲಿ ಶಿಷ್ಯರಲ್ಲಿ ಹುಟ್ಟಿತೆಂದು ಲೂಕನು ತಿಳಿಸುತ್ತಾನೆ. ದೊಡ್ಡವನಾಗಲು ಹವಣಿಸುತ್ತಿದ್ದವರಲ್ಲಿ ಯಾರು ತಾನೆ ನೀರಿನ ಪಾತ್ರೆಗೆ ಕೈಹಾಕುವರು? ಮುಂದಿನ ಸಂಗತಿಯನ್ನು ಯೋಹಾನನು ತನ್ನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಗುರುವು ತಾನೇ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆಯನ್ನು ಕಟ್ಟಿಕೊಂಡು, ಬೋಗುಣಿಗೆ ನೀರು ಹೊಯ್ದು, ಒಬ್ಬೊಬ್ಬರ ಕಾಲನ್ನೂ ತೊಳೆದು ಒರಸತೊಡಗಿದನು. ಪೇತ್ರನು ನಾಚಿಕೊಂಡು ಬೇಡವೆಂದನು, ಗುರುವು ಬಿಡಲಿಲ್ಲ. ತನ್ನನ್ನು ಹಿಡಿದುಕೊಡಲು ಮನಸ್ಸು ಮಾಡಿದ್ದ ಯೂದನೂ ಆ ಪಂಕ್ತಿಯಲ್ಲಿಯೇ ಇದ್ದನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಎಲ್ಲರೂ ವಿನಯದಿಂದ ಇರತಕ್ಕದ್ದೆಂದು ಉಪದೇಶಿಸಿ ಮುಗಿಸುತ್ತಾರೆ. ಕಥೆಯು ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ನಾವು ವಾಚಕರ ಗಮನಕ್ಕೆ ತರಬಯಸುತ್ತೇವೆ. ಬೆಳಗಾದ ಮೇಲೆ ಅದೇ ಗುರುವನ್ನು ಕಟ್ಟಿ, ರೋಮಾಪುರದ ಚಕ್ರವರ್ತಿಯ ಪ್ರತಿನಿಧಿಯಾದ ಪಿಲಾತನ ಮುಂದೆ ನಿಲ್ಲಿಸಿದರು. ಪ್ರಾಣವನ್ನು ತೆಗೆಯುವ ಅಧಿಕಾರವೂ ಉಳಿಸುವ ಅಧಿಕಾರವೂ ಆತನ ಕೈಯಲ್ಲಿದ್ದವು. ಅಲ್ಲಿ ಯೇಸುಸ್ವಾಮಿಯು ಕೈಮುಗಿದು ಬೇಡಿಕೊಳ್ಳಲಿಲ್ಲ; ಕೇಳಿದ್ದಕ್ಕೆ ಉತ್ತರ ಕೊಡಬೇಕಾದಲ್ಲಿ ಕೊಟ್ಟನು, ಮೌನವಾಗಿರಬೇಕಾದಲ್ಲಿ ಮೌನವಾಗಿದ್ದನು. ರಾತ್ರಿ ಬೆಸ್ತರ ಕಾಲಿನ ಮಟ್ಟಕ್ಕೆ ಬಾಗಿದ ದೇಹವು ಬೆಳಿಗ್ಗೆ ಅಧಿಪತಿಯ ಮುಂದೆ ಬಾಗದೆ ನಿಂತಿತು. ಈ ಎರಡು ನೋಟಗಳನ್ನು ಒಟ್ಟಿಗೆ ನೋಡದ ಹೊರತು ಕ್ರೈಸ್ತಧರ್ಮವು ಹೇಳುವ ವಿನಯವು ಏನೆಂಬುದು ಅರ್ಥವಾಗದೆಂದು ನಮ್ಮ ಅಭಿಪ್ರಾಯ.

ಏತಕ್ಕೆಂದರೆ ಲೋಕವು ವಿನಯವೆಂದು ಹೊಗಳುವುದು ಅನೇಕ ವೇಳೆ ಇದಕ್ಕೆ ತಲೆಕೆಳಗಾದುದು. ಮೇಲಿನವರ ಎದುರಿಗೆ ಅಂಗವಸ್ತ್ರವನ್ನು ಸೊಂಟಕ್ಕೆ ಸುತ್ತಿ ನಿಲ್ಲುವವನು ಮನೆಗೆ ಬಂದ ಕೂಡಲೆ ಹೆಂಡತಿಯ ಮೇಲೂ ಆಳುಗಳ ಮೇಲೂ ಹರಿಹಾಯುವನು. ಅವನನ್ನು ಜನರು ವಿನಯವಂತನೆಂದೇ ಕರೆಯುವರು. ನಮ್ಮ ಹೆಣ್ಣುಮಕ್ಕಳಿಗಾದರೋ ಬಾಯಿ ಮುಚ್ಚಿಕೊಂಡಿರುವುದೇ ವಿನಯವೆಂದು ಕಲಿಸಿದ್ದೇವೆ. ಹೀಗಾಗಿ ವಿನಯವೆಂಬ ಒಳ್ಳೆಯ ಮಾತು ಬಲವಿಲ್ಲದವರಿಗೆ ಹಾಕುವ ಬೇಡಿಯಾಗಿ, ಬಲವಿದ್ದವರು ತೊಡುವ ಒಡವೆಯಾಗಿ ಪರಿಣಮಿಸಿದೆ. ತೊಳೆದ ಕಾಲುಗಳು ಯಾರವು, ತಲೆಬಾಗದೆ ನಿಂತದ್ದು ಯಾರ ಮುಂದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ನಿಜವಾದ ವಿನಯವು ತಾನಾಗಿ ಬೇರ್ಪಡುವುದು.

ಇದು ಬರಿಯ ಮಾತೆಂದು ಯಾರೂ ತಿಳಿಯದಿರಲೆಂದು, ಇದನ್ನು ಬಾಳಿ ತೋರಿಸಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಆಕೆಯ ಕಾರ್ಯಕ್ಷೇತ್ರವು ಮಹಾರಾಷ್ಟ್ರವಾದರೂ ಜನ್ಮಸ್ಥಳವು ನಮ್ಮ ಕನ್ನಡನಾಡು. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳವೆಂಬ ಊರಿನವರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ನಿರ್ಬಂಧವು ಬಲವಾಗಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಉಡುಪಿಯ ಪಂಡಿತರ ಮುಂದೆ ಅವರು ಉತ್ತರ ಹೇಳಬೇಕಾಗಿ ಬಂದಿತು. ಅವರು ಶಾಸ್ತ್ರವಾಕ್ಯಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿದರು. ಅನಂತರ ಪಶ್ಚಿಮ ಘಟ್ಟದ ದಟ್ಟ ಕಾಡಿನ ಗಂಗಾಮೂಲದಲ್ಲಿ ಮನೆ ಕಟ್ಟಿಕೊಂಡು, ಬಂದ ವಿದ್ಯಾರ್ಥಿಗಳಿಗೆ ಪಾಠವನ್ನೂ ಅನ್ನವನ್ನೂ ಕೊಡುತ್ತಿದ್ದರು. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು.

ಅತಿಥಿಸತ್ಕಾರದಲ್ಲಿ ಆಸ್ತಿಯೆಲ್ಲವೂ ಕರಗಿಹೋಗಿ, ಆ ಕುಟುಂಬವು ಪುರಾಣವನ್ನು ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯತೊಡಗಿತು. ದಾರಿಯ ಬದಿಯಲ್ಲಿ ತಾಯಿಯ ಬಾಯಿಂದ ಕೇಳಿ ಕೇಳಿ ಮಗಳು ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದಳು. 1870ರಿಂದ 1880ರ ಒಳಗೆ ದಕ್ಷಿಣ ದೇಶವನ್ನು ಹಿಂಡಿದ ಕ್ಷಾಮಕಾಲದಲ್ಲಿ ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೆ ಒಬ್ಬರಾಗಿ ತೀರಿಹೋದರು. ತಾಯಿಯ ಶವವನ್ನು ಹೊರಲು ನಾಲ್ಕು ಜನರು ಸಿಕ್ಕಲಿಲ್ಲ. ಇಬ್ಬರು ದಯೆ ತೋರಿ ಮುಂದೆ ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ಮಗಳು. ಎತ್ತರ ಸಾಲದೆ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆಯಬೇಕಾಯಿತೆಂದು ಅವರೇ ಮುಂದೆ ಬರೆದಿದ್ದಾರೆ. ಹಸಿವೆಂದರೇನು, ಕೇಳುವವರಿಲ್ಲದ ಸ್ಥಿತಿಯೆಂದರೇನು ಎಂಬುದನ್ನು ರಮಾಬಾಯಿಯವರು ಪುಸ್ತಕದಿಂದ ಕಲಿತವರಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು.

ಅಣ್ಣತಂಗಿಯರು ನಡೆದು ನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವಯಸ್ಸಿನ ಕನ್ಯೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾಗಿ, ಪಂಡಿತಾ ಎಂಬ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಿಪಿನ ಬಿಹಾರಿ ಮೇಧ್ವಿ ಎಂಬ ವಂಗದೇಶದ ವಕೀಲರೊಡನೆ, ಜಾತಿಯ ಕಟ್ಟನ್ನು ಮೀರಿ, ವಿವಾಹವಾಯಿತು. ಮನೋರಮೆಯೆಂಬ ಹೆಣ್ಣು ಮಗು ಹುಟ್ಟಿತು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತಮೂರು ವಯಸ್ಸಿನಲ್ಲಿ, ಎಳೆಗೂಸನ್ನು ಕಟ್ಟಿಕೊಂಡು, ತವರೂ ಇಲ್ಲದೆ ಅತ್ತೆಮನೆಯೂ ಇಲ್ಲದೆ ನಿಂತ ವಿಧವೆಯ ಕೈಯಲ್ಲಿ ಬಿರುದುಗಳೆರಡನ್ನು ಬಿಟ್ಟು ಬೇರೇನೂ ಇರಲಿಲ್ಲ.

ಆ ವರ್ಷವೇ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರ್ಕಾರದ ವಿದ್ಯಾ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಣ್ಣು ಉಪಾಧ್ಯಾಯರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ತಾವೂ ವೈದ್ಯವನ್ನು ಕಲಿಯಬೇಕೆಂಬ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಆದರೆ ವಾಂಟೇಜ್ ಎಂಬಲ್ಲಿನ ಸನ್ಯಾಸಿನಿಯರ ಆಶ್ರಮದಲ್ಲಿ ಇದ್ದಾಗ ಅವರಿಗೆ ಒಂದು ದೃಶ್ಯವು ಕಣ್ಣಿಗೆ ಬಿದ್ದಿತು. ಲಂಡನ್ನಿನ ಫುಲ್‌ಹ್ಯಾಮ್ ಎಂಬ ಭಾಗದಲ್ಲಿ ಆ ಸನ್ಯಾಸಿನಿಯರು ಒಂದು ಮನೆಯನ್ನು ನಡೆಯಿಸುತ್ತಿದ್ದರು. ಸಮಾಜವು ಪತಿತೆಯರೆಂದು ಹೊರದೂಡಿದ ಹೆಂಗಸರನ್ನು ಅಲ್ಲಿ ಇಟ್ಟುಕೊಂಡು, ಅಸಹ್ಯಪಡದೆ ಅಕ್ಕತಂಗಿಯರಂತೆ ಉಪಚರಿಸುತ್ತಿದ್ದರು. ಇಂತಹ ಹೆಂಗಸರಿಗೆ ದಂಡನೆಯ ಹೊರತು ಬೇರೇನನ್ನೂ ವಿಧಿಸಿದ್ದನ್ನು ಅದುವರೆಗೆ ಕಾಣದಿದ್ದ ರಮಾಬಾಯಿಯವರು, ಈ ಕರುಣೆಯು ಎಲ್ಲಿಂದ ಬಂದಿತೆಂದು ವಿಚಾರಿಸಿದರು. ಉತ್ತರವಾಗಿ ಅವರಿಗೆ, ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸುಸ್ವಾಮಿಯು ಮಾತನಾಡಿದ ಕಥೆಯನ್ನು ಹೇಳಿದರು. ಅವರ ಹೃದಯವನ್ನು ಸೆಳೆದದ್ದು ವಾದವಲ್ಲ, ಸೇವೆ. ಆ ವರ್ಷದ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನವನ್ನು ಪಡೆದರು.

ಕ್ರೈಸ್ತರಾದ ಮೇಲೆ ಅವರು ತಲೆತಗ್ಗಿಸಿ ಹೇಳಿದಂತೆ ನಡೆದುಕೊಳ್ಳುವರೆಂದು ಕೆಲವರು ಎಣಿಸಿರಬಹುದು. ಹಾಗಾಗಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೆಂಬ ಮಾತು ಬಂದಿತು. ಹಿಂದೂಸ್ಥಾನದಲ್ಲಿದ್ದ ಬಿಷಪ್ಪರು ಅದು ಕೂಡದೆಂದು ಅಡ್ಡಿ ಮಾಡಿದರು. ತಮ್ಮ ದೇಶದಲ್ಲಿ ಗಂಡಸರ ಸಭೆಗಳಲ್ಲಿ ಪುರಾಣ ಹೇಳಿ ಬಂದ ತಮಗೆ ಈ ನಿರ್ಬಂಧವೇಕೆಂದು ರಮಾಬಾಯಿಯವರು ನೇರವಾಗಿ ಪ್ರತಿಭಟಿಸಿದರು. ಕೊರಳಿಗೆ ಹಾಕಿಕೊಳ್ಳುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತದ ಅಕ್ಷರಗಳು ಏಕಾಗಬಾರದೆಂದೂ ಕೇಳಿದರು. ಮಾಂಸಾಹಾರವನ್ನು ಮುಟ್ಟಲಿಲ್ಲ. ತಮ್ಮ ಆತ್ಮಸಾಕ್ಷಿಯನ್ನು ಒಬ್ಬ ಪುರೋಹಿತರ ಕೈಯಿಂದ ಬಿಡಿಸಿಕೊಂಡು ಇನ್ನೊಬ್ಬ ಪುರೋಹಿತರ ಕೈಗೆ ಒಪ್ಪಿಸುವ ಇಷ್ಟವು ಅವರಿಗೆ ಇರಲಿಲ್ಲ. ಇವರಲ್ಲಿ ವಿನಯವು ಸಾಲದೆಂದು ಹಿತೈಷಿಗಳೇ ನೊಂದುಕೊಂಡದ್ದುಂಟು. ಆದರೆ ಇವರು ಯಾರ ಮುಂದೆ ಬಾಗತಕ್ಕವರೆಂಬುದು ಇನ್ನೂ ಕಾಣಬೇಕಾಗಿದ್ದಿತು.

1886ರಲ್ಲಿ ಅವರು ಅಮೇರಿಕಕ್ಕೆ ಹೋಗಿ, ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವುದನ್ನು ಕಂಡರು. ಮರುವರ್ಷ ಮೇಲ್ಜಾತಿಯ ಹಿಂದೂ ಹೆಂಗಸರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಬಾಸ್ಟನ್ ನಗರದಲ್ಲಿ ಅವರ ಕೆಲಸಕ್ಕೆ ಬೆಂಬಲವಾಗಿ ಒಂದು ಸಂಘವು ಏರ್ಪಟ್ಟಿತು. ಸ್ವದೇಶಕ್ಕೆ ಮರಳಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ, ಎಳೆಯ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಅಲ್ಲಿ ಮೊದಲು ಸೇರಿದ ವಿಧವೆಯ ಹೆಸರು ಗೋದೂಬಾಯಿ. ಈಕೆಯೇ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ, ಆ ಮಹರ್ಷಿಯ ಕೆಲಸಕ್ಕೆ ಹೆಗಲು ಕೊಟ್ಟವರು.

ಸದನವನ್ನು ನಡೆಯಿಸಿದ ಬಗೆಯನ್ನು ನೋಡಿರಿ. ಯಜಮಾನಿಯು ಕ್ರೈಸ್ತಳು, ಇರುವವರು ಬ್ರಾಹ್ಮಣ ವಿಧವೆಯರು. ಅವರ ಅಡಿಗೆ ಅವರ ಸಂಪ್ರದಾಯದಂತೆ ನಡೆಯುತ್ತಿತ್ತು. ಅವರ ಪೂಜೆಗೆ ಅಡ್ಡಿಯಿರಲಿಲ್ಲ. ತಾವು ಆಶ್ರಯ ಕೊಟ್ಟವರ ಮೇಲೆ ತಮ್ಮ ನಡೆನುಡಿಗಳನ್ನು ಹೇರುವ ಹಕ್ಕು ಆಶ್ರಯದಾತರಿಗೆ ಬರುವುದಿಲ್ಲವೆಂಬುದು ಆ ಏರ್ಪಾಡಿನ ತಾತ್ಪರ್ಯ. ಸೇವೆಯ ನಾಯಕತ್ವಕ್ಕೆ ಇದು ಮೊದಲನೆಯ ಪರೀಕ್ಷೆ. ಅನ್ನ ಹಾಕಿದ ಕೈಯು ಉಂಡವರ ಕೊರಳನ್ನು ಹಿಡಿಯಬಾರದು.

ಆದರೂ ಸಂಕಟವು ಬಂದೇ ಬಂದಿತು. ಸದನವು 1890ರಲ್ಲಿ ಪುಣೆಗೆ ಸ್ಥಳಾಂತರವಾಯಿತು. ರಮಾಬಾಯಿಯವರು ಬೆಳಗಿನ ಹೊತ್ತು ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಮತಾಂತರ ಮಾಡುತ್ತಾರೆಂಬ ಗುಲ್ಲು ಎದ್ದಿತು. ತಿಲಕರ ಕೇಸರಿ ಪತ್ರಿಕೆಯು ತೀವ್ರವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಂಡಾರಕರರೇ ಮೊದಲಾದ ಮಹನೀಯರು ಸದನದ ಸಲಹಾ ಸಮಿತಿಯನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಕರೆದುಕೊಂಡು ಹೋದರು. ಈ ವಿಷಯದಲ್ಲಿ ಎರಡು ಪಕ್ಷಗಳಿಗೂ ಹೇಳತಕ್ಕದ್ದಿದೆ. ನಂಬಿ ಮಗಳನ್ನು ಕಳುಹಿಸಿದ ತಂದೆಯ ಕಳವಳವು ಸುಳ್ಳಲ್ಲ. ತನ್ನ ಕೋಣೆಯ ಬಾಗಿಲನ್ನು ಮುಚ್ಚಿ, ತಾಯಿಯೆಂದು ನಂಬಿ ಬಂದವರನ್ನು ಹೊರಗೆ ನಿಲ್ಲಿಸಲಾರೆನೆಂಬ ಆಕೆಯ ಮಾತೂ ಸುಳ್ಳಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು ಮತ್ತೊಂದು. ಊರಿನ ಗಣ್ಯರೆಲ್ಲರೂ ಕೈಬಿಟ್ಟಾಗ ಹೆಸರನ್ನು ಉಳಿಸಿಕೊಳ್ಳುವುದಕ್ಕೆಂದು ರಮಾಬಾಯಿಯವರು ಯಾರ ಮನೆಯ ಬಾಗಿಲನ್ನೂ ಕಾಯಲಿಲ್ಲ. ಉಳಿದ ಹುಡುಗಿಯರಿಗೆ ಮರುದಿನವೂ ಪಾಠ ನಡೆಯಿತು.

ಸದನಕ್ಕೆ ಸ್ವಂತ ಆದಾಯವಿರಲೆಂದು, ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವಿನಲ್ಲಿ ಅವರು ಹಣ್ಣಿನ ತೋಟಕ್ಕಾಗಿ ನೆಲವನ್ನು ಕೊಂಡಿದ್ದರು. ಇಂತಿರಲು 1896ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಕ್ಷಾಮವು ಬಿದ್ದಿತು. ಆ ಸುದ್ದಿಯನ್ನು ಕೇಳಿದಾಗ ರಮಾಬಾಯಿಯವರಿಗೆ ತಲೆಯ ಮೇಲೆ ಹೊತ್ತ ತಾಯಿಯ ಚಟ್ಟವು ನೆನಪಿಗೆ ಬಾರದೆ ಇದ್ದೀತೆ? ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಆದರೂ ಆ ಪ್ರಾಂತಕ್ಕೆ ತಾವೇ ಹೊರಟುಹೋದರು. ಬಡವರ ಶಿಬಿರಗಳಲ್ಲಿ ಅನ್ನಕ್ಕಾಗಿ ಮಾನವನ್ನು ಮಾರಿಕೊಳ್ಳುವ ಸ್ಥಿತಿಗೆ ಬಂದಿದ್ದ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡು, ತಂಡತಂಡವಾಗಿ ಕರೆದುಕೊಂಡು ಬಂದರು. ಸುಮಾರು 300 ಜನರು ಅವರ ಬಳಿಯಲ್ಲಿಯೇ ಉಳಿದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ತಲೆದೋರಿದ್ದರಿಂದ, ಹೊಸಬರನ್ನು ಊರೊಳಗೆ ಇಟ್ಟುಕೊಳ್ಳುವುದಕ್ಕೆ ಅವಕಾಶವಿಲ್ಲದೆ ಹೋಯಿತು. ಕೇಡಗಾಂವಿನ ಬಯಲಿನಲ್ಲಿ ಗುಡಿಸಲುಗಳನ್ನು ಹಾಕಿಕೊಂಡರು. ಮುಕ್ತಿ ಸದನವು ಹೀಗೆ ಆರಂಭವಾಯಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಶಾರದಾ ಸದನಕ್ಕೆ ಬಂದವರು ಮೇಲ್ಜಾತಿಯ ವಿಧವೆಯರು; ಶುಚಿಯಾದ ನಡವಳಿಕೆಯುಳ್ಳವರು, ಬೇಗ ಓದು ಹಿಡಿಯುವವರು. ಅವರಿಗೆ ಪಾಠ ಹೇಳುವುದು ಪಂಡಿತೆಗೆ ಒಪ್ಪುವ ಕೆಲಸ. ಕ್ಷಾಮದಿಂದ ಬಂದವರಾದರೋ ಎಲ್ಲ ಜಾತಿಗಳವರು. ಮೈತುಂಬ ಹುಣ್ಣು, ತಲೆತುಂಬ ಹೇನು, ಹಸಿವಿನಿಂದ ಕೆಟ್ಟ ಹೊಟ್ಟೆ. ಎಷ್ಟೋ ಮಂದಿಗೆ ಭಯದಿಂದ ಮಾತೇ ಹೊರಡದು. ಮತ್ತೆ ಕೆಲವರು ಕೊಟ್ಟ ಅನ್ನವನ್ನು ಬಚ್ಚಿಡುವರು. ಇಂತಹವರಿಗೆ ಮೊದಲು ಬೇಕಾದದ್ದು ಶ್ಲೋಕವಲ್ಲ. ಬಿಸಿನೀರು, ಬಟ್ಟೆ, ಗಂಜಿ. ಕಲಕತ್ತೆಯ ಸಭೆಯಲ್ಲಿ ಬಿರುದು ಪಡೆದ ವಿದ್ವಾಂಸೆಯು ಇಲ್ಲಿ ಬಾಗಿದರು. ಬಿಷಪ್ಪರ ಮುಂದೆ ಬಾಗದ ತಲೆ ಯಾವ ಕಾಲುಗಳನ್ನು ತೊಳೆಯಲು ಕಾದಿದ್ದಿತೆಂಬುದು ಈಗ ಸ್ಪಷ್ಟವಾಯಿತು.

ಇದೇ ಅವಧಿಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಪುಣೆಯ ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ತಕ್ಕ ರಕ್ಷಣೆಯಿಲ್ಲವೆಂದು 1897ರಲ್ಲಿ ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಸರ್ಕಾರವು ಆ ದೂರನ್ನು ಅಲ್ಲಗಳೆಯಿತು. ಅಧಿಕಾರಿಗಳ ಕೃಪೆಯು ಅತ್ಯಗತ್ಯವಾಗಿದ್ದ ಹೊತ್ತಿನಲ್ಲಿ, ನೂರಾರು ಮಕ್ಕಳ ಹೊಣೆಯನ್ನು ಹೊತ್ತವರು, ಹೀಗೆ ಬರೆಯುವುದು ಜಾಣತನವೆ ಎಂದು ಲೋಕವು ಕೇಳೀತು. ಹೊಣೆ ಹೊತ್ತವರಾದುದರಿಂದಲೇ ಬರೆದರೆಂದು ನಾವು ಹೇಳುತ್ತೇವೆ. ಬೋಗುಣಿಯ ಮುಂದೆ ಬಾಗುವುದೂ ಪಿಲಾತನ ಮುಂದೆ ನೆಟ್ಟಗೆ ನಿಲ್ಲುವುದೂ ಒಂದೇ ಗುಣದ ಎರಡು ಮುಖಗಳು. ಕೆಳಗಿನವರ ಕಾಲನ್ನು ನಿಜವಾಗಿ ತೊಳೆದವನಿಗೆ, ಅದೇ ಕಾಲನ್ನು ತುಳಿಯುವವರ ಮುಂದೆ ಸುಮ್ಮನಿರುವುದು ಸಾಧ್ಯವಿಲ್ಲ.

1899-1900ರಲ್ಲಿ ಗುಜರಾತಿನಲ್ಲಿ ಮತ್ತೆ ಕ್ಷಾಮವು ಬಂದಾಗ ಮುಕ್ತಿಯ ಜನಸಂಖ್ಯೆಯು ಸುಮಾರು 2,000ಕ್ಕೆ ಏರಿತು. ಇಷ್ಟು ಜನರನ್ನು ಒಬ್ಬರು ಆಳುವುದಾದರೂ ಹೇಗೆ? ಆಳುವುದಕ್ಕೆ ಹೋಗಿದ್ದರೆ ಕೆಲಸವು ಕೆಡುತ್ತಿತ್ತು. ಶಾರದಾ ಸದನದಲ್ಲಿ ಓದಿ ಬೆಳೆದ ಹಿರಿಯ ಹೆಣ್ಣುಮಕ್ಕಳೇ ಹೊಸಬರ ಪಾಲನೆಯನ್ನು ವಹಿಸಿಕೊಂಡರು. ನಿನ್ನೆ ಆಶ್ರಯವನ್ನು ಬೇಡಿ ಬಂದವಳು ಇಂದು ಹತ್ತು ಮಕ್ಕಳಿಗೆ ತಾಯಿಯಾದಳು. ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹಾಲಿನ ದನಗಳು, ತೋಟ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಯಿಸಿದರು. ಸಮಾಜವು ಕೆಟ್ಟವರೆಂದು ತಳ್ಳಿದವರಿಗಾಗಿ ಕೃಪಾ ಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನ, ಕುರುಡರಿಗೆ ಪ್ರತ್ಯೇಕವಾದ ಇನ್ನೊಂದು ಮನೆ, ಹೀಗೆ ಒಂದೊಂದು ಸಂಕಟಕ್ಕೂ ಒಂದೊಂದು ಮನೆ ಎದ್ದಿತು. ಕೃಪಾ ಸದನದ ಮೊದಲ ಕಲ್ಲನ್ನು ಇಟ್ಟದ್ದು ಕೇಡಗಾಂವಿನಲ್ಲಿ ಅಲ್ಲ, ಫುಲ್‌ಹ್ಯಾಮಿನ ಆ ಮನೆಯಲ್ಲಿ ಎಂದರೂ ತಪ್ಪಾಗದು. ಮಗಳು ಮನೋರಮೆಯು ಅಮೇರಿಕದಲ್ಲಿ ಬ್ರೈಲ್ ಲಿಪಿಯನ್ನು ಕಲಿತು ಬಂದು ಕುರುಡರಿಗೆ ಓದು ಕಲಿಸಿದಳು. 1912ರಲ್ಲಿ ಈ ತಾಯಿಮಗಳ ಕೆಲಸವು ಕನ್ನಡನಾಡಿಗೂ ಬಂದು, ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯು ಏರ್ಪಟ್ಟಿತು.

ತಾನಿಲ್ಲದಿದ್ದರೆ ಏನೂ ನಡೆಯದೆಂಬ ಸ್ಥಿತಿಯನ್ನು ನಿರ್ಮಿಸಿಕೊಳ್ಳುವುದು ಸಾಮಾನ್ಯ ನಾಯಕರ ಸುಖ. ಅದು ಬಹು ಸೂಕ್ಷ್ಮವಾದ ಅಹಂಕಾರ. ಸೇವೆಯ ಉಡುಗೆಯನ್ನು ತೊಟ್ಟು ಬರುವುದರಿಂದ ಗುರುತು ಸಿಕ್ಕುವುದಿಲ್ಲ. ತನ್ನ ಕೆಲಸವನ್ನು ಇತರರ ಕೈಗೆ ಕಲಿಸಿ ಕೊಡುವುದು ಅದಕ್ಕಿರುವ ಮದ್ದು. ಕಾಲು ತೊಳೆದ ಗುರುವು ಸಹ, ನಾನು ಮಾಡಿದಂತೆ ನೀವು ಒಬ್ಬರಿಗೊಬ್ಬರು ಮಾಡಿರೆಂಬ ಅರ್ಥದ ಮಾತನ್ನು ಹೇಳಿಯೇ ಬೋಗುಣಿಯನ್ನು ಕೆಳಗಿಟ್ಟದ್ದು.

ರಮಾಬಾಯಿಯವರ ಕೊನೆಯ ದೊಡ್ಡ ಕೆಲಸದಲ್ಲಿಯೂ ಇದೇ ಗುಣವು ಕಾಣುವುದು. ಮರಾಠಿಯ ಬೈಬಲ್ಲು ಅವರ ಕಾಲಕ್ಕೆ ಇರಲಿಲ್ಲವೆಂದಲ್ಲ. ಅದರ ಭಾಷೆಯು ಮುಕ್ತಿಯ ಹೆಂಗಸರಿಗೆ ಕಠಿಣವಾಗಿದ್ದಿತು. ಅದಕ್ಕಾಗಿ ಅವರು ನಡುವಯಸ್ಸು ಮೀರುತ್ತಿರುವಾಗ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ, ಮೂಲದಿಂದಲೇ ಇಡೀ ಗ್ರಂಥವನ್ನು ಮರಾಠಿಗೆ ತರಲು ತೊಡಗಿದರು. ಸಂಸ್ಕೃತವು ನಾಲಿಗೆಯ ತುದಿಯಲ್ಲಿ ನಲಿಯುತ್ತಿದ್ದವರಿಗೆ ದೊಡ್ಡ ಪದಗಳ ದಾರಿದ್ರ್ಯವಿರಲಿಲ್ಲ. ಆದರೂ ಓದು ಬರಹವನ್ನು ಈಗತಾನೆ ಕಲಿತ ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತನ್ನು ಹುಡುಕಿ ಹುಡುಕಿ ಬರೆದರು. ಪಾಂಡಿತ್ಯವು ಬಾಗಬೇಕಾದುದು ಹೀಗೆ. ತುಂಬಿದ ಕೊಡ ತುಳುಕುವುದಿಲ್ಲವೆಂದು ಗಾದೆಯುಂಟಲ್ಲವೆ? ಬಾಗಿ ಬಾಯಾರಿದವರಿಗೆ ನೀರನ್ನು ಎರೆಯದಿದ್ದರೆ ತುಂಬಿದ ಕೊಡದಿಂದ ಪ್ರಯೋಜನವಾದರೂ ಏನು? ಆ ಗ್ರಂಥದ ಅಕ್ಷರಗಳನ್ನು ಜೋಡಿಸಿ ಅಚ್ಚು ಹಾಕಿದವರೂ ಮುಕ್ತಿಯ ಹೆಂಗಸರೇ.

1919ರಲ್ಲಿ ಸರ್ಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈಯಲ್ಲಿ, ತಮ್ಮ ಅನಂತರ ಕೆಲಸವನ್ನು ವಹಿಸಿಕೊಳ್ಳಬೇಕಾಗಿದ್ದ ಏಕಮಾತ್ರ ಪುತ್ರಿ ಮನೋರಮೆಯು ತೀರಿಕೊಂಡಳು. ಆ ದುಃಖದಲ್ಲಿಯೂ ಭಾಷಾಂತರವು ನಿಲ್ಲಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರವು ಅವರ ಚಿತ್ರವುಳ್ಳ ಅಂಚೆ ಚೀಟಿಯನ್ನು ಹೊರತಂದಿತು. ಅವರು ಹೋಗಿ ನೂರು ವರ್ಷಗಳು ಸಂದ ಮೇಲೂ ಕೇಡಗಾಂವಿನ ಮುಕ್ತಿಯಲ್ಲಿ ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ಬಾಗಿಲು ತೆರೆದಿದೆ.

ಇಂತಹ ಮಹನೀಯರ ಚರಿತ್ರೆಯು ನಮ್ಮಂತಹ ಸಂಸಾರಿಗರಿಗೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಅವರಿಗೆ ಸುವಾರ್ತೆಯ ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತೇವೆ. ಜೆಬೆದಾಯನ ಮಕ್ಕಳ ತಾಯಿಯು ಯೇಸುಸ್ವಾಮಿಯ ಬಳಿಗೆ ಬಂದು ಅಡ್ಡಬಿದ್ದು, ನಿನ್ನ ರಾಜ್ಯದಲ್ಲಿ ನನ್ನ ಇಬ್ಬರು ಮಕ್ಕಳಿಗೆ ನಿನ್ನ ಎಡಬಲದ ಆಸನಗಳನ್ನು ಕೊಡಬೇಕೆಂದು ಬೇಡಿದಳು. ಆ ತಾಯಿಯನ್ನು ನಾವು ಹಾಸ್ಯ ಮಾಡಲಾರೆವು. ಆಕೆಯು ನಮ್ಮೆಲ್ಲರ ಮನೆಗಳಲ್ಲಿಯೂ ಇದ್ದಾಳೆ. ಮಗನು ದೊಡ್ಡ ಹುದ್ದೆಗೆ ಏರಲಿ, ನಾಲ್ಕು ಜನರು ಅವನ ಮಾತಿಗೆ ಎದ್ದು ನಿಲ್ಲಲಿ ಎಂದು ಹರಸದ ತಾಯಿಯುಂಟೆ? ಲೋಕದ ಒಡೆಯರು ದೊರೆತನ ಮಾಡುವರು, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬ ಅರ್ಥದ ಉತ್ತರವು ಆಕೆಯ ಮಕ್ಕಳಿಗೆ ದೊರೆಯಿತು. ಆಸನವನ್ನು ಕೇಳಿದವರಿಗೆ ಬೋಗುಣಿಯನ್ನು ತೋರಿಸಿದಂತಾಯಿತು.

ಮಕ್ಕಳು ಇದನ್ನು ಕಲಿಯುವುದು ಉಪದೇಶದಿಂದಲ್ಲ, ಮನೆಯಲ್ಲಿ ನಡೆಯುವುದನ್ನು ನೋಡಿ. ತಂದೆಯು ಮೇಲಧಿಕಾರಿಯೊಡನೆ ಮಾತನಾಡುವ ದನಿಯನ್ನೂ, ಹಾಲಿನವನೊಡನೆ ಮಾತನಾಡುವ ದನಿಯನ್ನೂ ಮಗನು ಹೋಲಿಸಿ ನೋಡುತ್ತಿರುತ್ತಾನೆ. ಕಾಯಿಲೆಯಾದ ಕೆಲಸದವಳಿಗೆ ಗಂಜಿಯನ್ನು ಯಾರು ಕೊಂಡೊಯ್ದರು, ಮುದಿ ಅಜ್ಜಿಯ ಹಾಸಿಗೆಯನ್ನು ಯಾರು ಬದಲಾಯಿಸಿದರು, ಸೊಸೆಗೆ ಅನ್ಯಾಯವಾದಾಗ ಯಾರು ಬಾಯಿ ತೆರೆದರು ಎಂಬುದೆಲ್ಲವೂ ಅವನ ಮನಸ್ಸಿನಲ್ಲಿ ಉಳಿಯುವುದು. ಸೊಸೆಗೆ ನಾವು ಹೇಳತಕ್ಕ ಮಾತೂ ಒಂದಿದೆ. ತಾಯಿ, ಸೇವೆ ಮಾಡುವುದು ಹೀನವಲ್ಲ; ಆದರೆ ಸೇವೆಯ ಹೆಸರಿನಲ್ಲಿ ಅನ್ಯಾಯವನ್ನು ನುಂಗುವುದು ವಿನಯವೂ ಅಲ್ಲ. ಕೇಡಗಾಂವಿನಲ್ಲಿ ಹುಣ್ಣು ತೊಳೆದ ಕೈಯೇ ಪತ್ರಿಕೆಗೆ ಕಾಗದವನ್ನೂ ಬರೆಯಿತು.

ಈ ಸಾರಿ ಬಿಸಿಲಿನಲ್ಲಿ ಬಂದವರು ಬಾಗಿಲಲ್ಲಿ ನಿಂತಾಗ ಮನೆಯ ಹಿರಿಯರೇ ಎದ್ದು ತಂಬಿಗೆಯನ್ನು ತರಲಿ. ಬಂದವರು ಹುದ್ದೆಯುಳ್ಳವರಾದರೆ ಅದರಲ್ಲಿ ಹೆಚ್ಚಳವೇನೂ ಇಲ್ಲ. ಬಂದವನು ಮೂಟೆ ಹೊತ್ತ ಕೂಲಿಯವನಾದರೆ ನಾವು ಹೇಳುವುದರ ಅರ್ಥವು ಮನೆಯ ಮಕ್ಕಳಿಗೆ ಒಂದೇ ಕ್ಷಣದಲ್ಲಿ ಆದೀತು.